ಮುಖ್ಯೋಪಾಧ್ಯಾಯರ ಕುರ್ಚಿ, ಊರಿನ ಸಮಿತಿ

ಹಾಸನ ಜಿಲ್ಲೆಯ ಯಾವುದೇ ಸರ್ಕಾರಿ ಶಾಲೆಯ ಆಡಳಿತ ಎರಡು ಸಾಲುಗಳಲ್ಲಿ ನಡೆಯುತ್ತದೆ. ಒಂದು ಸಾಲು ನೌಕರರದು. ಶಾಲೆಯಲ್ಲಿ ಮುಖ್ಯೋಪಾಧ್ಯಾಯರು, ಅಕ್ಕಪಕ್ಕದ ಹಲವು ಶಾಲೆಗಳಿಗೆ ಒಬ್ಬ ಸಮೂಹ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ, ತಾಲ್ಲೂಕಿಗೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಎಲ್ಲರೂ ಹೇಳುವ ಬಿಇಒ, ಜಿಲ್ಲೆಗೆ ಉಪನಿರ್ದೇಶಕರು, ಅಂದರೆ ಡಿಡಿಪಿಐ. ಇನ್ನೊಂದು ಸಾಲು ಜನರದು. ಶಾಲೆಯಲ್ಲಿ ಪೋಷಕರ ಸಮಿತಿ, ಊರಿಗೆ ಗ್ರಾಮ ಪಂಚಾಯಿತಿ, ಅದರ ಮೇಲೆ ತಾಲ್ಲೂಕು ಪಂಚಾಯಿತಿ ಮತ್ತು ಜಿಲ್ಲಾ ಪಂಚಾಯಿತಿ, ಪಟ್ಟಣವಾದರೆ ಪುರಸಭೆ.

ಕೇಳುಗರೇ, ನೌಕರರು ಬದಲಾಗುತ್ತಾರೆ. ಅದು ಸಹಜ. ಜನಪ್ರತಿನಿಧಿಗಳೂ ಬದಲಾಗುತ್ತಾರೆ. ಅದೂ ಸಹಜ. ಒಂದು ಸಾಲು ಬದಲಾಗುವಾಗ ಇನ್ನೊಂದು ಸಾಲು ನಿಂತಿರಬೇಕು ಎಂಬುದು ಈ ಏರ್ಪಾಡಿನ ಹಿಂದಿನ ಲೆಕ್ಕ. ಆ ಲೆಕ್ಕ ಎಲ್ಲಿ ತಪ್ಪುತ್ತಿದೆ ಎಂಬುದೇ ಇಂದಿನ ವಿಷಯ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ತಾಲ್ಲೂಕುಗಳನ್ನು ಎದುರಿಗಿಟ್ಟುಕೊಂಡು ಅದನ್ನು ನೋಡಬಹುದು. ಜಿಲ್ಲೆಯ ಎಂಟು ತಾಲ್ಲೂಕುಗಳಲ್ಲಿ ಇವು ನಾಲ್ಕು.

ಮೊದಲು ನೌಕರರ ಸಾಲು. ಮುಖ್ಯೋಪಾಧ್ಯಾಯರ ಕುರ್ಚಿ ಖಾಲಿಯಾಗುವುದು ಮೂರು ಕಾರಣಗಳಿಂದ: ನಿವೃತ್ತಿ, ಬಡ್ತಿ, ವರ್ಗಾವಣೆ. ಕರ್ನಾಟಕದಲ್ಲಿ ನಿವೃತ್ತಿಯ ವಯಸ್ಸು 60. ಬಡ್ತಿ ಸಿಗುವುದು ಹೆಚ್ಚಾಗಿ ಜ್ಯೇಷ್ಠತೆಯ ಮೇಲೆ. ಸಹಶಿಕ್ಷಕರಾಗಿ ಸೇರಿದವರು ಮುಖ್ಯೋಪಾಧ್ಯಾಯರಾಗುವ ಹೊತ್ತಿಗೆ ತಲೆ ನರೆತಿರುತ್ತದೆ. ಐವತ್ತೇಳನೆಯ ವಯಸ್ಸಿನಲ್ಲಿ ಆ ಕುರ್ಚಿಯಲ್ಲಿ ಕೂತವರಿಗೆ ಉಳಿಯುವುದು ಮೂರೇ ವರ್ಷ. ಮೊದಲ ವರ್ಷ ಊರು ತಿಳಿಯಲು ಬೇಕು. ಕೊನೆಯ ವರ್ಷ ಪಿಂಚಣಿ ಕಡತದ ಓಡಾಟ. ಕೆಲಸಕ್ಕೆಂದು ಗಟ್ಟಿಯಾಗಿ ಸಿಗುವುದು ನಡುವಿನ ಒಂದು ವರ್ಷ. ಇದರಲ್ಲಿ ಆ ಶಿಕ್ಷಕರ ತಪ್ಪೇನೂ ಇಲ್ಲ. ಇಷ್ಟು ತಡವಾಗಿ ಹೊಣೆ ಕೊಡುವ ಪದ್ಧತಿಯೇ ಹೀಗಿದೆ.

ಇನ್ನು ವರ್ಗಾವಣೆ. ಒಂದು ಕಾಲದಲ್ಲಿ ಶಿಕ್ಷಕರ ವರ್ಗಾವಣೆ ಶಿಫಾರಸು ಪತ್ರದ ಮೇಲೆ ನಡೆಯುತ್ತಿತ್ತು. ಶಾಸಕರ ಮನೆ ಬಾಗಿಲು, ಬೆಂಗಳೂರಿನ ಕಚೇರಿಯ ಬಾಗಿಲು ಎರಡನ್ನೂ ಕಾಯಬೇಕಿತ್ತು. 2007ರಲ್ಲಿ ರಾಜ್ಯ ಸರ್ಕಾರ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯ್ದೆ ತಂದಿತು. ವರ್ಗಾವಣೆ ಕೌನ್ಸೆಲಿಂಗ್ ಮೂಲಕವೇ ಆಗಬೇಕು ಎಂದಾಯಿತು. ಖಾಲಿ ಜಾಗಗಳ ಪಟ್ಟಿ ಎಲ್ಲರ ಕಣ್ಣ ಮುಂದೆ ಇರುತ್ತದೆ. ಸರದಿ ಬಂದವರು ತಮ್ಮ ಜಾಗ ಆರಿಸಿಕೊಳ್ಳುತ್ತಾರೆ. ಗಂಭೀರ ಕಾಯಿಲೆ ಇರುವವರು, ಅಂಗವಿಕಲರು, ವಿಧವೆಯರು, ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಊರಲ್ಲಿ ನೌಕರಿಯಲ್ಲಿರುವವರು, ಇಂಥವರಿಗೆ ಆದ್ಯತೆ. ನಗರದಲ್ಲಿ ಬಹುಕಾಲ ಇದ್ದವರನ್ನು ಹಳ್ಳಿಗೆ ಕಳಿಸುವ ಕಡ್ಡಾಯ ವರ್ಗಾವಣೆ ದೊಡ್ಡ ಜಗಳವಾಯಿತು. 2020ರಲ್ಲಿ ಹಳೆಯ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ ಬಂತು. ಒಟ್ಟಿನಲ್ಲಿ ಕೌನ್ಸೆಲಿಂಗ್ ದೊಡ್ಡ ಸುಧಾರಣೆ. ಶಿಕ್ಷಕರ ಮಾನ ಉಳಿಸಿದ ಸುಧಾರಣೆ. ಅದನ್ನು ಯಾರೂ ಹಗುರವಾಗಿ ಕಾಣಬಾರದು.

ಆದರೆ ಕೌನ್ಸೆಲಿಂಗ್ ಕೊಠಡಿಯಲ್ಲಿ ಶಿಕ್ಷಕರ ಅಗತ್ಯ ಮಾತ್ರ ಕೂತಿರುತ್ತದೆ, ಶಾಲೆಯ ಅಗತ್ಯ ಅಲ್ಲಿಗೆ ಬರುವುದೇ ಇಲ್ಲ. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆಯ ಒಂದು ಶಾಲೆಯನ್ನು ಯಾರಾದರೂ ಆರಿಸಿಕೊಳ್ಳಬೇಕು. ಹಾಸನ ನಗರದಿಂದ ದೂರ, ದಿನಕ್ಕೆ ಎಣಿಸಿದಷ್ಟು ಬಸ್ಸು. ಆರಿಸಿಕೊಂಡವರೂ ಮುಂದಿನ ಅವಕಾಶಕ್ಕೆ ಕಾಯುತ್ತಾರೆ. ಹಾಸನ ಪಟ್ಟಣದ ಸುತ್ತಿನ ಜಾಗಗಳು ಬೇಗ ತುಂಬುತ್ತವೆ. ದೂರದ ಶಾಲೆಗೆ ಬರುವವರು ಬಂದ ಬಾಗಿಲಲ್ಲೇ ಹೊರಡುವ ದಾರಿ ನೋಡುತ್ತಾರೆ. ಬಿಇಒ ಮತ್ತು ಡಿಡಿಪಿಐ ವಿಷಯ ಬೇರೆ. ಅವರ ವರ್ಗಾವಣೆಗೆ ಈ ಸರದಿ ಪಟ್ಟಿ ಇಲ್ಲ. ಸರ್ಕಾರದ ಆದೇಶ ಬಂದ ದಿನ ಹೊರಡಬೇಕು.

ಇಲ್ಲಿಯವರೆಗೆ ಹೇಳಿದ್ದು ಕುರ್ಚಿ ಏಕೆ ಖಾಲಿಯಾಗುತ್ತದೆ ಎಂಬುದು. ತಡವಾದ ಬಡ್ತಿ, ಹತ್ತಿರದ ನಿವೃತ್ತಿ, ದೂರದ ಊರಿನಿಂದ ಹೊರಡುವ ಆತುರ. ಇನ್ನು ಕುರ್ಚಿ ಖಾಲಿಯಾದ ದಿನ ಶಾಲೆಯೊಳಗೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು.

ಆ ದಿನದ ಕೆಲಸಕ್ಕೆ ಚಾರ್ಜ್ ಕೊಡುವುದು ಎಂದು ಹೆಸರು. ಹೊರಡುವವರು ಮೇಜಿನ ಮೇಲೆ ವಹಿಗಳನ್ನು ಜೋಡಿಸುತ್ತಾರೆ. ಮಕ್ಕಳ ದಾಖಲಾತಿ ವಹಿ. ಹಾಜರಿ ಪುಸ್ತಕಗಳು. ನಗದು ಪುಸ್ತಕ. ಬೆಂಚು, ಕುರ್ಚಿ, ಪಾತ್ರೆ, ಪುಸ್ತಕಗಳ ದಾಸ್ತಾನು ವಹಿ. ಬಿಸಿಯೂಟದ ಅಕ್ಕಿ ಬೇಳೆಯ ಲೆಕ್ಕ. ಚೆಕ್ ಪುಸ್ತಕ. ಸಮಿತಿ ಸಭೆಯ ನಡಾವಳಿ ಪುಸ್ತಕ. ಬೀರುವಿನ ಬೀಗದ ಕೈಗಳ ಗೊಂಚಲು. ಪಟ್ಟಿ ಬರೆದು ಇಬ್ಬರೂ ಸಹಿ ಹಾಕುತ್ತಾರೆ. ಒಂದು ಪ್ರತಿ ಬಿಇಒ ಕಚೇರಿಗೆ ಹೋಗುತ್ತದೆ. ಎಲ್ಲ ಸರಿಯಿದ್ದರೆ ಅರ್ಧ ದಿನದಲ್ಲಿ ಮುಗಿಯುವ ಕೆಲಸ.

ತೊಂದರೆ ಬರುವುದು ಚಾರ್ಜ್ ತೆಗೆದುಕೊಳ್ಳುವವರೇ ಇಲ್ಲದಾಗ. ಆಗ ಇದ್ದವರಲ್ಲಿ ಹಿರಿಯ ಶಿಕ್ಷಕರು ಪ್ರಭಾರ ಮುಖ್ಯೋಪಾಧ್ಯಾಯರಾಗುತ್ತಾರೆ. ಗಣಿತವನ್ನೂ ಅವರೇ ಹೇಳಿಕೊಡಬೇಕು, ಮಾಹಿತಿಯನ್ನೂ ಅವರೇ ಕಳಿಸಬೇಕು. ಬಿಇಒ ಕಚೇರಿಯ ಸಭೆ ಇದ್ದ ದಿನ ಆ ತರಗತಿ ಖಾಲಿ. ಪ್ರೌಢಶಾಲೆಯಾದರೆ ಇನ್ನೊಂದು ತೊಡಕು. ಅಲ್ಲಿ ಸಿಬ್ಬಂದಿಯ ಸಂಬಳ ಸೆಳೆಯುವ ಅಧಿಕಾರ ಮುಖ್ಯೋಪಾಧ್ಯಾಯರದು. ಪ್ರಭಾರದಲ್ಲಿ ಇರುವವರಿಗೆ ಆ ಅಧಿಕಾರ ತಾನಾಗಿ ಬರುವುದಿಲ್ಲ. ಅದಕ್ಕೆ ಪ್ರತ್ಯೇಕ ಆದೇಶ ಬೇಕು. ಕರ್ನಾಟಕ ನಾಗರಿಕ ಸೇವಾ ನಿಯಮಗಳ 32ನೇ ನಿಯಮದಡಿ ಸ್ವತಂತ್ರ ಪ್ರಭಾರ ಎಂದು ನೌಕರರೆಲ್ಲ ಬಲ್ಲ ಏರ್ಪಾಡು ಬಳಕೆಗೆ ಬರುವುದು ಇಲ್ಲಿ. ಆ ಆದೇಶ ತಡವಾದರೆ ಎಲ್ಲರ ಸಂಬಳವೂ ತಡ.

ಬ್ಯಾಂಕಿನ ಮಾತು ಬೇರೆ. ಶಾಲೆಯ ಅನುದಾನ ಬರುವುದು ಜಂಟಿ ಖಾತೆಗೆ. ಸಮಿತಿಯ ಅಧ್ಯಕ್ಷರು ಮತ್ತು ಮುಖ್ಯೋಪಾಧ್ಯಾಯರು ಇಬ್ಬರ ಸಹಿ ಬೇಕು. ಒಬ್ಬರು ಬದಲಾದರೂ ಹೊಸ ಸಹಿ, ಹೊಸ ಠರಾವು, ಹೊಸ ಗುರುತಿನ ಕಾಗದ. ಸಮಿತಿ ಸಭೆ ಸೇರಿ ಠರಾವು ಮಾಡುವವರೆಗೆ ಹಣ ಖಾತೆಯಲ್ಲೇ ಇರುತ್ತದೆ. ಮಳೆಗಾಲದಲ್ಲಿ ಹೆಂಚು ಸೋರುತ್ತಿದ್ದರೂ ಅಷ್ಟೇ. ಈಚೆಗೆ ಇನ್ನೊಂದು ಸಣ್ಣ ತೊಡಕು ಸೇರಿದೆ. ಮಕ್ಕಳ ವಿವರ ತುಂಬುವ ಆನ್‌ಲೈನ್ ವ್ಯವಸ್ಥೆಗೆ ಒಂದು ಮೊಬೈಲ್ ಸಂಖ್ಯೆ ಜೋಡಿಸಿರುತ್ತದೆ. ಆ ಸಂಖ್ಯೆ ಹಳೆಯ ಮುಖ್ಯೋಪಾಧ್ಯಾಯರದೇ ಆಗಿದ್ದರೆ, ಒಟಿಪಿ ಅವರ ಜೇಬಿಗೇ ಹೋಗುತ್ತದೆ.

ವಹಿಗಳನ್ನು ಹಸ್ತಾಂತರ ಮಾಡಬಹುದು. ಆದರೆ ಪಟ್ಟಿಯಲ್ಲಿ ಬರೆಯಲಾಗದ ಸಂಗತಿಗಳೂ ಇವೆ. ಏಳನೇ ತರಗತಿಯ ಯಾವ ಹುಡುಗಿಯ ಮನೆಯಲ್ಲಿ ಮದುವೆಯ ಮಾತು ನಡೆಯುತ್ತಿದೆ. ಯಾವ ಮಗುವಿನ ತಂದೆ ತಾಯಿ ಶುಂಠಿ ಕೆಲಸಕ್ಕೆ ಬಂದವರು, ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಗುತ್ತಾರೆ. ಶಾಲೆಯ ಜಾಗದ ಮೂಲೆಯನ್ನು ಯಾರು ಒತ್ತುವರಿ ಮಾಡಿದ್ದಾರೆ, ಅಳತೆಗೆ ಅರ್ಜಿ ಕೊಟ್ಟದ್ದು ಯಾವಾಗ. ಕಾಂಪೌಂಡಿಗೆ ಕಲ್ಲು ಕೊಡುತ್ತೇನೆಂದ ದಾನಿ ಯಾರು. ಹೆಡ್‌ಮಾಸ್ಟರ ತಲೆಯಲ್ಲಿರುವ ಇಂಥ ತಿಳಿವಳಿಕೆ ಅವರ ಜೊತೆಗೇ ಬಸ್ಸು ಹತ್ತುತ್ತದೆ. ಹೊಸಬರು ಮೊದಲಿನಿಂದ ಕಲಿಯಬೇಕು.

ಈಗ ಕೇಳುಗರು ನೆನಪಿಟ್ಟುಕೊಳ್ಳಬೇಕಾದ್ದು ಇಷ್ಟು. ವಹಿ, ಬೀಗ, ಹಣ ಇವು ತಡವಾಗಿಯಾದರೂ ಕೈ ಬದಲಾಗುತ್ತವೆ. ಶಾಲೆಯ ನೆನಪು ಹಾಗೆ ಕೈ ಬದಲಾಗುವುದಿಲ್ಲ. ಆ ನೆನಪನ್ನು ಊರಲ್ಲೇ ಉಳಿಸಬೇಕಾದವರು ಯಾರು ಎಂದು ಕೇಳಿದರೆ ಎರಡನೆಯ ಸಾಲಿಗೆ, ಜನರ ಸಾಲಿಗೆ ಬರಬೇಕು. ಅದಕ್ಕೆ ಸ್ವಲ್ಪ ಇತಿಹಾಸ ಬೇಕು.

ಶಾಲೆಯನ್ನು ಊರಿನವರ ಕೈಗೆ ಕೊಡಬೇಕೆಂಬ ಯೋಚನೆ ಹಳೆಯದು. ಹಾಸನ ಆಗ ಮೈಸೂರು ಸಂಸ್ಥಾನದ ಜಿಲ್ಲೆ. 1930ರ ಮೈಸೂರು ಪ್ರಾಥಮಿಕ ಶಿಕ್ಷಣ ಕಾಯ್ದೆ ಪ್ರಾಥಮಿಕ ಶಾಲೆಗಳ ಹೊಣೆಯನ್ನು ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳಿಗೆ ಒಪ್ಪಿಸಿತು. ಸುಮಾರು 10 ವರ್ಷ ಅದು ನಡೆಯಿತು. 1941ರ ಕಾಯ್ದೆಯಿಂದ ಸರ್ಕಾರ ಶಾಲೆಗಳನ್ನು ಮರಳಿ ತನ್ನ ಕೈಗೆ ತೆಗೆದುಕೊಂಡಿತು. ಅತ್ತ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ ಕಡೆ ಸ್ಕೂಲ್ ಬೋರ್ಡುಗಳಿದ್ದವು. ಅಲ್ಲಿನ ಹಿರಿಯರು ಇಂದಿಗೂ ಬೋರ್ಡಿನ ಶಾಲೆ ಎನ್ನುವುದುಂಟು. ಏಕೀಕರಣದ ನಂತರ, 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ಕಾನೂನು ತಂದಿತು.

1987ರಲ್ಲಿ ಮತ್ತೊಂದು ತಿರುವು. ಸಚಿವ ಅಬ್ದುಲ್ ನಜೀರ್ ಸಾಬರು ಹಟ ಹಿಡಿದು ತಂದ ಕಾಯ್ದೆಯಡಿ ಜಿಲ್ಲಾ ಪರಿಷತ್ತುಗಳು ಕೆಲಸ ಶುರುಮಾಡಿದವು. ಶಾಲೆಗಳು ಜಿಲ್ಲಾ ಪರಿಷತ್ತಿನ ಮೇಲ್ವಿಚಾರಣೆಗೆ ಬಂದವು. ಹಾಸನದ ಜಿಲ್ಲಾ ಪರಿಷತ್ತಿನಲ್ಲಿ ಕೂತ ಸದಸ್ಯ ತನ್ನ ಊರಿನ ಶಾಲೆಗೆ ಮೇಷ್ಟ್ರು ಏಕೆ ಬಂದಿಲ್ಲ ಎಂದು ಅಧಿಕಾರಿಯನ್ನು ಎದುರಿಗೇ ಕೇಳುವ ಕಾಲ ಬಂತು. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಮತ್ತು ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ ಎರಡೂ ಬಂದವು. ಪ್ರಾಥಮಿಕ, ಮಾಧ್ಯಮಿಕ ಶಿಕ್ಷಣ ಪಂಚಾಯಿತಿಗಳ ವಿಷಯಪಟ್ಟಿಗೆ ಸೇರಿತು. ಜಿಲ್ಲಾ ಪಂಚಾಯಿತಿಯ ಐದು ಸ್ಥಾಯಿ ಸಮಿತಿಗಳಲ್ಲಿ ಒಂದು ಶಿಕ್ಷಣ ಮತ್ತು ಆರೋಗ್ಯದ್ದು.

ಜಿಲ್ಲೆಯ ಮಟ್ಟದಲ್ಲಿ ಹೀಗಾದರೆ, ಶಾಲೆಯ ಮಟ್ಟದ ಬದಲಾವಣೆ 2001ರಲ್ಲಿ ಆಯಿತು. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಶಾಲೆಗೊಂದು ಪೋಷಕರ ಸಮಿತಿ ಬೇಕೆಂದು ಹೇಳಿತು. ಆ ವರ್ಷ ಏಪ್ರಿಲ್ 28ರ ಸರ್ಕಾರಿ ಆದೇಶದಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಹುಟ್ಟಿತು. ಎಲ್ಲರ ಬಾಯಲ್ಲೂ ಅದು ಎಸ್‌ಡಿಎಂಸಿ. ಆ ಆದೇಶದಂತೆ ಪೋಷಕರು ತಮ್ಮೊಳಗಿಂದ 9 ಜನರನ್ನು ಆರಿಸಬೇಕಿತ್ತು. ಅವರಲ್ಲಿ ಮಹಿಳೆಯರು ಇರಬೇಕಿತ್ತು, ಪರಿಶಿಷ್ಟ ಜಾತಿ ಪಂಗಡದವರು ಇರಬೇಕಿತ್ತು. ಮುಖ್ಯೋಪಾಧ್ಯಾಯರು ಸದಸ್ಯ ಕಾರ್ಯದರ್ಶಿ. ಅಧ್ಯಕ್ಷರು ಮಾತ್ರ ಪೋಷಕರೇ. ಕೂಲಿ ಮಾಡುವ ತಾಯಿಯೊಬ್ಬಳು ಶಾಲೆಯ ಅಧ್ಯಕ್ಷೆಯಾಗಿ ಮೇಜಿನ ಮುಂದೆ ಕೂರುವ ಹಕ್ಕು ಪಡೆದದ್ದು ಸಣ್ಣ ಮಾತಲ್ಲ. 2006ರಲ್ಲಿ ಮಾದರಿ ಉಪವಿಧಿಗಳ ಮೂಲಕ ಈ ಸಮಿತಿಗಳನ್ನು ಗ್ರಾಮ ಪಂಚಾಯಿತಿಗೆ ಜೋಡಿಸಲಾಯಿತು.

ಮುಂದೆ ಕೇಂದ್ರದ ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂದು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ 21ನೇ ವಿಧಿ ಹೇಳುವುದು ಸ್ಪಷ್ಟ. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು. ಅರ್ಧದಷ್ಟು ಮಹಿಳೆಯರು. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಅನುದಾನ ಹೇಗೆ ಖರ್ಚಾಗುತ್ತಿದೆ ಎಂದು ನೋಡುವುದು, ಶಾಲಾಭಿವೃದ್ಧಿ ಯೋಜನೆ ಮಾಡುವುದು, ಇವು ಸಮಿತಿಯ ಕೆಲಸ.

ಅಂದರೆ ಏರ್ಪಾಡು ಕಾಗದದ ಮೇಲೆ ಗಟ್ಟಿಯಾಗಿದೆ. ಮುಖ್ಯೋಪಾಧ್ಯಾಯರು ಹೋದರೂ ಸಮಿತಿ ಉಳಿಯುತ್ತದೆ. ಸಮಿತಿ ಸಡಿಲವಾದರೆ ಜಿಲ್ಲಾ ಪಂಚಾಯಿತಿ ಕೇಳುತ್ತದೆ. ಇದು ಶಾಸನದ ಲೆಕ್ಕ. ಈಗ ಆ ಸಮಿತಿ ಊರಿನಲ್ಲಿ ಹೇಗೆ ಬದುಕುತ್ತಿದೆ ಎಂದು ನೋಡಬೇಕು.

ಎಸ್‌ಡಿಎಂಸಿಯ ಅವಧಿ ಸಾಮಾನ್ಯವಾಗಿ ಮೂರು ವರ್ಷ. ಆದರೆ ಸದಸ್ಯರಾಗಲು ಮಗು ಆ ಶಾಲೆಯಲ್ಲಿರಬೇಕು. ಕಿರಿಯ ಪ್ರಾಥಮಿಕ ಶಾಲೆ ಐದನೇ ತರಗತಿಗೆ ಮುಗಿಯುತ್ತದೆ. ಮಗು ನಾಲ್ಕನೇ ತರಗತಿಯಲ್ಲಿರುವಾಗ ತಾಯಿ ಅಧ್ಯಕ್ಷೆಯಾದಳು ಎಂದಿಟ್ಟುಕೊಳ್ಳಿ. ಎರಡನೇ ವರ್ಷದ ಕೊನೆಗೆ ಮಗು ಬೇರೆ ಶಾಲೆಗೆ ಹೋಗುತ್ತದೆ. ತಾಯಿಯ ಸ್ಥಾನವೂ ಹೋಗುತ್ತದೆ. ಹೊಸ ಸಮಿತಿ ರಚನೆಯಾಗುವಾಗ ಎಲ್ಲರೂ ಒಟ್ಟಿಗೇ ಬದಲಾಗುವುದೂ ಉಂಟು. ಮುಖ್ಯೋಪಾಧ್ಯಾಯರ ಅವಧಿ ಎರಡು ಮೂರು ವರ್ಷ, ಸಮಿತಿಯ ಅವಧಿಯೂ ಎರಡು ಮೂರು ವರ್ಷ. ಎರಡೂ ಒಂದೇ ಬೇಸಿಗೆಯಲ್ಲಿ ಮುಗಿದರೆ ಜೂನ್ ತಿಂಗಳಲ್ಲಿ ಶಾಲೆಯ ಹಿಂದಿನ ಕಥೆ ಬಲ್ಲವರು ಅಡುಗೆಯವರು ಮಾತ್ರ.

ಸಭೆಯ ಸಮಯ ಇನ್ನೊಂದು ಸಮಸ್ಯೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಸುತ್ತ ಹೊಗೆಸೊಪ್ಪಿನ ಬೆಳೆ. ಸೊಪ್ಪು ಬ್ಯಾರನ್ನಿಗೆ ಹಾಕಿದ ಮೇಲೆ ಹಗಲು ರಾತ್ರಿ ಬೆಂಕಿ ಕಾಯಬೇಕು. ಆ ವಾರ ಮಧ್ಯಾಹ್ನ ಮೂರು ಗಂಟೆಯ ಸಭೆಗೆ ಯಾರು ಬರುತ್ತಾರೆ? ಹಾಸನ ತಾಲ್ಲೂಕಿನಲ್ಲಿ ಆಲೂಗಡ್ಡೆ ಬಿತ್ತನೆ ಮುಂಗಾರು ಹಿಡಿಯುವ ಹೊತ್ತಿಗೆ ಬರುತ್ತದೆ. ಶಾಲೆ ಶುರುವಾಗುವ ಹೊತ್ತೂ ಅದೇ. ಚನ್ನರಾಯಪಟ್ಟಣದ ಹಿರೀಸಾವೆ, ಶ್ರವಣಬೆಳಗೊಳದ ಕಡೆ ದುಡಿಯುವ ವಯಸ್ಸಿನವರು ಬೆಂಗಳೂರು ಸೇರಿದ್ದಾರೆ. ಹೆದ್ದಾರಿ ಹತ್ತಿದರೆ ಮೂರು ಗಂಟೆಯ ದಾರಿ. ಮಕ್ಕಳು ಅಜ್ಜ ಅಜ್ಜಿಯರ ಮನೆಯಲ್ಲಿ. ಸಭೆಗೆ ಬರುವುದು ಅಜ್ಜಿ. ಆಕೆಗೆ ಮಗುವಿನ ವಿಷಯ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಸಭೆ ಬೆಳಗ್ಗೆ ಮಕ್ಕಳನ್ನು ಬಿಡಲು ಬಂದಾಗಲೇ ಆದರೆ ಆಕೆ ಮಾತಾಡುತ್ತಾಳೆ. ಇಲಾಖೆಯ ಸಮಯಕ್ಕೆ ಕರೆದರೆ ಹೆಬ್ಬೆಟ್ಟು ಒತ್ತಿ ಹೋಗುತ್ತಾಳೆ.

ಇಲ್ಲಿ ನಡಾವಳಿ ಪುಸ್ತಕದ ಮಾತು ಹೇಳಲೇಬೇಕು. ಉದ್ದನೆಯ ಗೆರೆ ಹಾಕಿದ ರಟ್ಟಿನ ಪುಸ್ತಕ. ಎಡಕ್ಕೆ ವಿಷಯ, ಬಲಕ್ಕೆ ತೀರ್ಮಾನ, ಕೆಳಗೆ ಸಹಿಗಳು. ಹಲವು ಶಾಲೆಗಳಲ್ಲಿ ಬಲಭಾಗದಲ್ಲಿ ಸರ್ವಾನುಮತದಿಂದ ಒಪ್ಪಲಾಯಿತು ಎಂಬ ಒಂದೇ ಸಾಲು ಇರುತ್ತದೆ. ಯಾರು ಏನು ಕೇಳಿದರು, ಯಾರು ಯಾವ ಕೆಲಸ ಒಪ್ಪಿಕೊಂಡರು, ಎಷ್ಟು ದಿನದಲ್ಲಿ ಎಂಬುದು ಇರುವುದಿಲ್ಲ. ಇಂಥ ಪುಸ್ತಕ ಓದಿ ಹೊಸ ಮುಖ್ಯೋಪಾಧ್ಯಾಯರಿಗೆ ತಿಳಿಯುವುದು ಏನೂ ಇಲ್ಲ. ಇದೇ ಪುಸ್ತಕದಲ್ಲಿ ಶೌಚಾಲಯಕ್ಕೆ ನೀರಿನ ಪೈಪ್ ಹಾಕಿಸುವ ಹೊಣೆ ಪಂಚಾಯಿತಿ ಸದಸ್ಯರದು, ಅರ್ಜಿ ಕೊಟ್ಟ ತಾರೀಖು ಇದು, ಉತ್ತರ ಬಂದಿಲ್ಲ ಎಂದು ಬರೆದಿದ್ದರೆ, ಬಂದವರು ಮೊದಲ ವಾರದಲ್ಲೇ ಆ ಎಳೆ ಹಿಡಿಯಬಹುದು. ಶಾಲೆಯ ನೆನಪನ್ನು ಊರಲ್ಲಿ ಉಳಿಸಲು ಇದಕ್ಕಿಂತ ಸುಲಭ ಸಾಧನ ಬೇರೆ ಇಲ್ಲ. ಖರ್ಚು ಒಂದು ಪುಸ್ತಕ, ಒಂದು ಪೆನ್ನು.

ಹಳ್ಳಿಯ ಸಮಿತಿಯ ವಿಷಯ ಇದು. ಅವಧಿ ಕಡಿಮೆ, ಸಭೆಯ ಸಮಯ ತಪ್ಪು, ದಾಖಲೆ ತೆಳು. ಪಟ್ಟಣದಲ್ಲಿ ಇನ್ನೂ ಒಂದು ತೊಡಕು ಇದೆ. ಅದನ್ನು ಬೇರೆಯಾಗಿ ನೋಡಬೇಕು.

ಹೊಳೆನರಸೀಪುರ ಮತ್ತು ಚನ್ನರಾಯಪಟ್ಟಣದಲ್ಲಿ ಪುರಸಭೆ. ಅರಕಲಗೂಡಿನಲ್ಲಿ ಪಟ್ಟಣ ಪಂಚಾಯಿತಿ. ಹಾಸನಕ್ಕೆ ಇವೆಲ್ಲಕ್ಕಿಂತ ದೊಡ್ಡ ನಗರಾಡಳಿತ. ಪಟ್ಟಣದ ಜನ ವಾರ್ಡಿನ ಸದಸ್ಯರನ್ನು ಆರಿಸುತ್ತಾರೆ. ಆ ಸದಸ್ಯರ ಕೈಯಲ್ಲಿ ಚರಂಡಿ, ಬೀದಿದೀಪ, ಕುಡಿಯುವ ನೀರು ಇವೆ. ಶಾಲೆ ಇಲ್ಲ. ಪ್ರಾಥಮಿಕ ಶಿಕ್ಷಣದ ಹಣ ಹೆಚ್ಚಾಗಿ ಬರುವುದು ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಯ ಲೆಕ್ಕದಲ್ಲಿ. ಆ ಪಂಚಾಯಿತಿಗಳಿಗೆ ಪಟ್ಟಣದವರು ಮತ ಹಾಕುವುದಿಲ್ಲ. ಅವುಗಳದ್ದು ಗ್ರಾಮಾಂತರ ಕ್ಷೇತ್ರಗಳು. ಹೀಗೆ ಪಟ್ಟಣದ ಪೋಷಕರು ಆರಿಸಿದ ಸಂಸ್ಥೆಗೆ ಶಾಲೆ ಸೇರಿಲ್ಲ, ಶಾಲೆ ಸೇರಿದ ಸಂಸ್ಥೆಯನ್ನು ಅವರು ಆರಿಸಿಲ್ಲ. ಹಾಸನದ ಹೊರವಲಯದ ಬಡಾವಣೆಯ ಕಟ್ಟಡ ಕಾರ್ಮಿಕನ ಮಗು ಸರ್ಕಾರಿ ಶಾಲೆಗೆ ಹೋಗುತ್ತದೆ. ಅನುಕೂಲ ಇದ್ದವರ ಮಕ್ಕಳು ಖಾಸಗಿ ಶಾಲೆಯ ವ್ಯಾನು ಹತ್ತುತ್ತಾರೆ. ದನಿ ಇದ್ದ ಪೋಷಕರು ಹೊರಗೆ, ದಿನಗೂಲಿ ಬಿಟ್ಟು ಸಭೆಗೆ ಬರಲಾಗದವರು ಸಮಿತಿಯ ಒಳಗೆ. ಪಟ್ಟಣದ ಶಾಲಾ ಆಡಳಿತದ ದೊಡ್ಡ ಕೊರತೆ ಇದೇ.

ಶಾಲೆಗಳ ಬಗ್ಗೆ ಸಾರ್ವಜನಿಕವಾಗಿ ಪ್ರಶ್ನೆ ಏಳುವ ಜಾಗ ಎಂದರೆ ಇಲಾಖೆಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆ. ತಾಲ್ಲೂಕಿನಲ್ಲಿ ಶಾಸಕರು ಮೂರು ತಿಂಗಳಿಗೊಮ್ಮೆ ನಡೆಸುತ್ತಾರೆ. ಬಿಇಒ ಎದ್ದು ನಿಂತು ವರದಿ ಓದುತ್ತಾರೆ. ಆದರೆ ಅದೇ ಸಭೆಯಲ್ಲಿ ಕೃಷಿ, ನೀರಾವರಿ, ವಿದ್ಯುತ್, ಆರೋಗ್ಯ ಎಲ್ಲವೂ ಬರಬೇಕು. ಶಿಕ್ಷಣಕ್ಕೆ ಸಿಗುವುದು ಕೆಲವೇ ನಿಮಿಷ. ಬಿಇಒ ಹೊಸಬರಾಗಿದ್ದರೆ ಮುಂದಿನ ಸಭೆಗೆ ಮಾಹಿತಿ ತರುತ್ತೇನೆ ಎಂಬ ಉತ್ತರ. ಮುಂದಿನ ಸಭೆಗೆ ಅವರೇ ಇರುತ್ತಾರೆಂಬ ಖಾತ್ರಿ ಇಲ್ಲ.

ಮೇಲಿನ ಮಟ್ಟದಲ್ಲಿ ಇನ್ನೂ ದೊಡ್ಡ ಖಾಲಿ ಜಾಗ ಉಂಟಾಯಿತು. ಕರ್ನಾಟಕದ ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದಿತ್ತು. ಅವುಗಳ ಅವಧಿ 2021ರಲ್ಲಿ ಮುಗಿಯಿತು. ಐದು ವರ್ಷ ಮುಗಿಯುವ ಮೊದಲೇ ಹೊಸ ಚುನಾವಣೆ ಆಗಬೇಕೆಂದು ಸಂವಿಧಾನ ಹೇಳುತ್ತದೆ. ಆಗಲಿಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ವರ್ಷಗಳು ಉರುಳಿದವು. ಹಾಸನದಲ್ಲೂ, ಉಳಿದ ಜಿಲ್ಲೆಗಳಲ್ಲೂ ಆಡಳಿತಾಧಿಕಾರಿಗಳ ಕಾಲ ಬಂತು. ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿಯಲ್ಲಿ ಕೂರಲು ಸದಸ್ಯರೇ ಇಲ್ಲವಾದರು. ಡಿಡಿಪಿಐ ಅವರನ್ನು ಕೂರಿಸಿ ನಿಮ್ಮ ಜಿಲ್ಲೆಯಲ್ಲಿ ಎಷ್ಟು ಶಾಲೆಗೆ ಹೆಡ್‌ಮಾಸ್ಟರಿಲ್ಲ ಎಂದು ಕೇಳುವ, ಜನರಿಂದ ಆರಿಸಿ ಬಂದ ಕೊಠಡಿ ಮುಚ್ಚಿಕೊಂಡಿತು. ಇದು ಒಂದು ಪಕ್ಷದ, ಒಂದು ಸರ್ಕಾರದ ಕಾಲಕ್ಕೆ ಸೀಮಿತವಾದ ಲೋಪವಲ್ಲ. ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಬಂದವು. ಕೊಠಡಿ ತೆರೆಯಲಿಲ್ಲ. ಇದನ್ನು ಸಹಿಸಿಕೊಂಡದ್ದು ಸರಿಯಲ್ಲ.

ನೌಕರರ ಸಾಲು ಬೇಗ ಬದಲಾಗುತ್ತದೆ. ಜನರ ಸಾಲಿನ ಕೆಳಗಿನ ಮೆಟ್ಟಿಲು ದುರ್ಬಲ, ಮೇಲಿನ ಮೆಟ್ಟಿಲು ಖಾಲಿ. ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪಣೆ ಏಳುವುದು ಸಹಜ. ಇಷ್ಟೆಲ್ಲ ಕೊರತೆ ಇದ್ದರೂ ಹಾಸನ ಎಸ್‌ಎಸ್‌ಎಲ್‌ಸಿಯಲ್ಲಿ ಮೊದಲ ಸ್ಥಾನಕ್ಕೆ ಬಂದಿತಲ್ಲ? ನ್ಯಾಯವಾದ ಪ್ರಶ್ನೆ. ಉತ್ತರವನ್ನು ವಿವರವಾಗಿ ನೋಡಬೇಕು.

2019ರ ಏಪ್ರಿಲ್ ಕೊನೆಯ ದಿನ ಫಲಿತಾಂಶ ಬಂತು. ಹಾಸನ ಜಿಲ್ಲೆ ರಾಜ್ಯಕ್ಕೆ ಮೊದಲು. ನೂರಕ್ಕೆ ಸುಮಾರು 89 ಮಕ್ಕಳು ಪಾಸಾಗಿದ್ದರು. ರಾಜ್ಯದ ಸರಾಸರಿ ಸುಮಾರು 74. ಹಿಂದಿನ ವರ್ಷ ಜಿಲ್ಲೆ ಏಳನೆಯ ಸ್ಥಾನದಲ್ಲಿತ್ತು. ಜಿಲ್ಲೆಯಲ್ಲಿ ಸಂಭ್ರಮ. ಜೊತೆಗೇ ಶ್ರೇಯಸ್ಸು ಯಾರಿಗೆ ಎಂಬ ಚರ್ಚೆಯೂ ಎದ್ದಿತು. ಆ ಶೈಕ್ಷಣಿಕ ವರ್ಷದ ಬಹುಪಾಲು ಜಿಲ್ಲಾಧಿಕಾರಿಯಾಗಿದ್ದವರು ರೋಹಿಣಿ ಸಿಂಧೂರಿ. ಹಿಂದಿನ ವರ್ಷವೇ ಅವರ ವರ್ಗಾವಣೆ ಆದೇಶ ಬಂದು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತ್ತು. 2019ರ ಫೆಬ್ರವರಿಯಲ್ಲಿ, ಪರೀಕ್ಷೆಗೆ ಒಂದು ತಿಂಗಳು ಇರುವಾಗ, ಅವರ ವರ್ಗವಾಯಿತು. ಅಂದರೆ ಜಿಲ್ಲೆ ರಾಜ್ಯಕ್ಕೆ ಮೊದಲಾದದ್ದು ಮುಖ್ಯ ಅಧಿಕಾರಿ ಬದಲಾದ ವರ್ಷದಲ್ಲೇ.

ಇದರಿಂದ ಅಧಿಕಾರಿಗಳು ಬದಲಾದರೂ ಏನೂ ಆಗುವುದಿಲ್ಲ ಎಂಬ ತೀರ್ಮಾನಕ್ಕೆ ಹೋಗಬಾರದು. ಫೆಬ್ರವರಿಯ ಹೊತ್ತಿಗೆ ಕೆಲಸ ತರಗತಿಗೆ ಇಳಿದಿತ್ತು. ಓದಿನಲ್ಲಿ ಹಿಂದಿದ್ದ ಮಕ್ಕಳು ಯಾರು ಎಂಬುದು ಆಯಾ ಶಾಲೆಯ ಶಿಕ್ಷಕರಿಗೆ ಗೊತ್ತಿತ್ತು. ಬೆಳಗ್ಗೆ ಸಂಜೆ ಅವರನ್ನು ಕೂರಿಸಿ ಓದಿಸಿದವರು ಆ ಶಿಕ್ಷಕರು. ಮೇಲಿನವರು ಹೋದಾಗ ಕೆಳಗಿನವರು ಇದ್ದರು. ಅದರಿಂದ ಫಲ ಉಳಿಯಿತು. ಮುಖ್ಯೋಪಾಧ್ಯಾಯರು, ವಿಷಯ ಶಿಕ್ಷಕರು, ಪೋಷಕರು ಇವರೆಲ್ಲ ಒಟ್ಟಿಗೇ ಬದಲಾಗಿದ್ದರೆ ಆ ಫಲಿತಾಂಶ ಸಿಗುತ್ತಿತ್ತೆಂದು ಯಾರೂ ಹೇಳಲಾರರು. 2023ರಲ್ಲಿಯೂ ಹಾಸನ ಮೂರನೆಯ ಸ್ಥಾನದಲ್ಲಿತ್ತು, ನೂರಕ್ಕೆ ಸುಮಾರು 97. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದಾಗ ರಾಜ್ಯದ ಫಲಿತಾಂಶವೇ ಕುಸಿಯಿತು. ಹಾಸನದ್ದೂ ಸುಮಾರು 86ಕ್ಕೆ ಇಳಿಯಿತು. ಶೇಕಡಾವಾರು ಏರಿಳಿತವನ್ನು ಒಬ್ಬ ಅಧಿಕಾರಿಯ ಹೆಸರಿಗೆ ಬರೆಯುವುದು ಎಷ್ಟು ಅಪಾಯ ಎಂಬುದಕ್ಕೆ ಇದೇ ಸಾಕ್ಷಿ.

ಫಲಿತಾಂಶದ ಕಥೆ ಹೇಳುವುದು ಇದನ್ನೇ: ಬದಲಾವಣೆ ಒಂದು ಮಟ್ಟದಲ್ಲಿ ಆದರೆ ತಡೆದುಕೊಳ್ಳಬಹುದು, ಎಲ್ಲ ಮಟ್ಟಗಳಲ್ಲಿ ಒಟ್ಟಿಗೇ ಆಗಬಾರದು. ಈ ಕಷ್ಟ ನಮ್ಮೊಬ್ಬರದೇ ಅಲ್ಲ. ಅಮೆರಿಕದಲ್ಲಿ ಬಹುಪಾಲು ಊರುಗಳಿಗೆ ಜನರೇ ಆರಿಸಿದ ಶಾಲಾ ಮಂಡಳಿ ಇರುತ್ತದೆ. ಆ ಮಂಡಳಿಯೇ ಸೂಪರಿಂಟೆಂಡೆಂಟ್ ಎಂಬ ಮುಖ್ಯಾಧಿಕಾರಿಯನ್ನು ನೇಮಿಸುತ್ತದೆ, ಬೇಡವಾದರೆ ಕಳಿಸುತ್ತದೆ. ಅಲ್ಲಿನ ದೊಡ್ಡ ನಗರಗಳಲ್ಲಿ ಅವರು ಒಂದು ಕಡೆ ನಿಲ್ಲುವುದು ಸರಾಸರಿ ಮೂರು ವರ್ಷದ ಆಸುಪಾಸು. ಆದರೆ ಹಲವು ಮಂಡಳಿಗಳಲ್ಲಿ ಎಲ್ಲ ಸದಸ್ಯರ ಅವಧಿ ಒಟ್ಟಿಗೇ ಮುಗಿಯುವುದಿಲ್ಲ. ಒಂದು ಸಲ ಅರ್ಧ, ಇನ್ನೊಂದು ಸಲ ಅರ್ಧ. ನಮ್ಮ ರಾಜ್ಯಸಭೆಯಲ್ಲಿ ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗದವರು ನಿವೃತ್ತರಾಗುವುದೂ ಇದೇ ಕಾರಣಕ್ಕೆ. ಹಳೆಯದನ್ನು ಬಲ್ಲವರು ಯಾವಾಗಲೂ ಕೆಲವರು ಉಳಿದಿರುತ್ತಾರೆ.

ಎಸ್‌ಡಿಎಂಸಿಗೂ ಇದನ್ನು ತರಬಹುದು. ಎರಡನೇ, ಮೂರನೇ ತರಗತಿಯ ಮಕ್ಕಳ ಪೋಷಕರಿಗೆ ಸಮಿತಿಯಲ್ಲಿ ಅರ್ಧ ಜಾಗ ಇಟ್ಟರೆ ಸಾಕು. ಮೇಲಿನ ತರಗತಿಯವರು ಹೊರಟಾಗ ಅವರು ಉಳಿಯುತ್ತಾರೆ. ಬಡ್ತಿಯ ವಿಷಯದಲ್ಲೂ ಒಂದು ಕಟ್ಟಳೆ ಬೇಕು. ನಿವೃತ್ತಿಗೆ ಎರಡೇ ವರ್ಷ ಉಳಿದವರಿಗೆ ಬಡ್ತಿ ಕೊಡಲಿ, ಅದು ಅವರ ದುಡಿಮೆಯ ಹಕ್ಕು. ಆದರೆ ಶಾಲೆಯನ್ನು ಮಾತ್ರ ಬದಲಿಸದಿರಲಿ, ಇದ್ದ ಶಾಲೆಯಲ್ಲೇ ಆ ಹುದ್ದೆ ಸಿಗುವಂತಾಗಲಿ. ವರ್ಗಾವಣೆಯಾದವರು ಹೊರಡುವ ಮೊದಲು ಬಂದವರ ಜೊತೆ ಒಂದು ವಾರ ಕೆಲಸ ಮಾಡುವಂತಾದರೆ ಪಟ್ಟಿಯಲ್ಲಿ ಬರೆಯಲಾಗದ ಸಂಗತಿಗಳು ಬಾಯಿಂದ ಬಾಯಿಗೆ ದಾಟುತ್ತವೆ. ಪುರಸಭೆಗಳಿಗೆ ಪಟ್ಟಣದ ಶಾಲೆಗಳ ಕಟ್ಟಡ, ನೀರು, ಶೌಚಾಲಯದ ಹೊಣೆಯನ್ನಾದರೂ ಹಣದ ಸಮೇತ ಒಪ್ಪಿಸಬೇಕು.

ಕೊನೆಯದು, ಹೊಸ ಕಾನೂನು ಬೇಡದ ಕೆಲಸ. ಶಿಕ್ಷಣ ಹಕ್ಕು ಕಾಯ್ದೆಯ 22ನೇ ವಿಧಿ ಪ್ರತಿ ಸಮಿತಿಯೂ ಶಾಲಾಭಿವೃದ್ಧಿ ಯೋಜನೆ ತಯಾರಿಸಬೇಕು ಎನ್ನುತ್ತದೆ. ಕೇಂದ್ರದ ಮಾದರಿ ನಿಯಮಗಳ ಪ್ರಕಾರ ಅದು ಮೂರು ವರ್ಷದ ಯೋಜನೆ. ವರ್ಷ ವರ್ಷದ ಉಪಯೋಜನೆಗಳೂ ಅದರಲ್ಲಿ ಸೇರಿರಬೇಕು. ಎಷ್ಟು ಮಕ್ಕಳು ಸೇರಬಹುದು, ಎಷ್ಟು ಶಿಕ್ಷಕರು ಬೇಕು, ಯಾವ ಕೊಠಡಿ ದುರಸ್ತಿಯಾಗಬೇಕು, ಎಷ್ಟು ಹಣ ಬೇಕು, ಎಲ್ಲವನ್ನೂ ಬರೆಯಬೇಕು. ಹಣಕಾಸು ವರ್ಷ ಮುಗಿಯಲು ಮೂರು ತಿಂಗಳು ಇರುವಾಗಲೇ ಅದು ಸಿದ್ಧವಾಗಬೇಕು. ಅಂದರೆ ಡಿಸೆಂಬರ್ ಅಂತ್ಯದೊಳಗೆ. ವರ್ಗಾವಣೆ, ಬಿಡುಗಡೆಗಳ ಗದ್ದಲ ಶುರುವಾಗುವುದು ಬೇಸಿಗೆ ರಜೆಯ ಹೊತ್ತಿಗೆ. ಡಿಸೆಂಬರಿನಲ್ಲಿ ಹಳೆಯ ಮುಖ್ಯೋಪಾಧ್ಯಾಯರು ಇನ್ನೂ ಶಾಲೆಯಲ್ಲಿರುತ್ತಾರೆ, ಸಮಿತಿಯೂ ಇರುತ್ತದೆ. ಆಗ ಆ ಯೋಜನೆಯ ಒಂದು ಪ್ರತಿ ಶಾಲೆಯ ಬೀರುವಿಗೆ, ಒಂದು ಪ್ರತಿ ಸಮಿತಿಯ ಅಧ್ಯಕ್ಷರ ಮನೆಗೆ, ಒಂದು ಪ್ರತಿ ಪಂಚಾಯಿತಿ ಅಥವಾ ಪುರಸಭೆಯ ಕಚೇರಿಗೆ ಹೋಗಬೇಕು. ಮಕ್ಕಳು ಸರ್ಕಾರಿ ಶಾಲೆಯಲ್ಲಿ ಓದುತ್ತಿರುವ ಪ್ರತಿಯೊಬ್ಬ ಪೋಷಕರೂ ಅದನ್ನು ಕೇಳಿ ನೋಡಬಹುದು. ತೋರಿಸಬೇಕಾದ್ದು ಶಾಲೆಯ ಹೊಣೆ.